ಒಡೆಯನಿಲ್ಲದ ಸಂತೆಗೆ ಜನ ಏಕೆ ಬಾರರು?

(ಕಾರ್ಮಿಕರ ಮತ್ತು ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



2022ರ ಅಕ್ಟೋಬರಿನಲ್ಲಿ ಎಲಾನ್ ಮಸ್ಕ್ 4,400 ಕೋಟಿ ಡಾಲರ್ ತೆತ್ತು ಟ್ವಿಟ್ಟರನ್ನು ಕೊಂಡ. ಕೋಟ್ಯಂತರ ಜನ ಮಾತಾಡುವ ಚಾವಡಿ ಒಬ್ಬ ಧಣಿಯ ಸ್ವತ್ತಾಯಿತು. ಬೇಸತ್ತ ಲಕ್ಷಾಂತರ ಮಂದಿ ಮಾಸ್ಟೊಡಾನಿಗೆ ಹೋದರು. ಜರ್ಮನಿಯಲ್ಲಿ ಯೂಜೆನ್ ರೋಚ್ಕೊ 2016ರಲ್ಲಿ ಆರಂಭಿಸಿದ ಈ ಏರ್ಪಾಟಿನಲ್ಲಿ ಸಾವಿರಾರು ಸರ್ವರುಗಳಿವೆ. ಒಂದೊಂದನ್ನೂ ಬೇರೆ ಬೇರೆಯವರು ನಡೆಸುತ್ತಾರೆ. ಆದರೂ ಒಂದೂರಿನ ಅಂಚೆ ಇನ್ನೊಂದೂರಿಗೆ ಮುಟ್ಟುವಂತೆ, ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ಮುಟ್ಟುತ್ತದೆ.

ಹೋದವರಲ್ಲಿ ಬಹಳ ಮಂದಿ ನಿಲ್ಲಲಿಲ್ಲ. 2019ರ ನವೆಂಬರಿನಲ್ಲಿ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟ್ಟರ್ ತಡೆದಾಗಲೂ ನಮ್ಮ ದೇಶದ ಅನೇಕರು ಹೀಗೆಯೇ ಹೋಗಿ ಹಿಂದಿರುಗಿದ್ದರು. ಜನಕ್ಕೆ ತಿಳಿವಳಿಕೆ ಸಾಲದೆಂದು ಅಲ್ಲಿನ ಕೆಲವು ಪಂಡಿತರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಾಗಿಲಲ್ಲೇ ‘ಯಾವ ಸರ್ವರ್ ಬೇಕು?’ ಎಂದರೆ, ಪಾಳಿ ಮುಗಿಸಿ ಬಂದವನು ಏನು ಹೇಳಿಯಾನು? ಹೇಗೋ ಒಳಹೊಕ್ಕರೆ ಅಲ್ಲಿ ಅವನ ತಂಗಿಯಿಲ್ಲ, ಪಕ್ಕದ ಮಗ್ಗದವನಿಲ್ಲ. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಸುಂಕವಿಲ್ಲದ ಹೊಸ ಸಂತೆಮಾಳವಾದರೂ ಗಿರಾಕಿ ಬಾರದೆ ನೀವು ಹೋಗುವುದಿಲ್ಲ, ನೀವು ಹೋಗದೆ ಗಿರಾಕಿ ಬರುವುದಿಲ್ಲ.

2023ರಲ್ಲಿ ಹೊಸಬರಿಗೆ ಒಂದು ದೊಡ್ಡ ಸರ್ವರನ್ನೇ ಮುಂದಿಟ್ಟು ಪ್ರವೇಶವನ್ನು ಸುಲಭ ಮಾಡಿದರು. ಎಲ್ಲರೂ ಒಂದೇ ಕಡೆ ಸೇರಿದರೆ ವಿಕೇಂದ್ರೀಕರಣ ಎಲ್ಲಿ ಉಳಿಯಿತೆಂದು ಕೆಲವರು ಸಿಡುಕಿದರು. ಸಿಡುಕಿದ್ದು ಸುಳ್ಳಲ್ಲ, ಆದರೆ ಬರಿಯ ಮಾಳಕ್ಕೆ ಕಾವಲು ಕೂತು ಏನು ಫಲ?

ಒಬ್ಬೊಬ್ಬರನ್ನೇ ಕರೆದರೆ ಆಗದು. ಒಂದು ಗಿರಣಿಯ ಸಂಘ, ಒಂದು ಪೇಟೆಯ ವರ್ತಕರು ಒಟ್ಟಿಗೆ ಹೋಗಬೇಕು. ಸರ್ವರಿನ ಖರ್ಚಿಗೆ ಚಂದಾ ಎತ್ತಬೇಕು. ಅದನ್ನು ನೋಡಿಕೊಳ್ಳುವ ಹುಡುಗನಿಗೆ ಸಂಬಳವನ್ನೂ ಕೊಡಬೇಕು.