ಮನಸ್ಸು ಏರಿದಾಗಲೂ ಕಾಯಿಲೆ, ಇಳಿದಾಗಲೂ ಕಾಯಿಲೆ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ)



ಬಿ.ಪಿ., ಶುಗರ್, ರಕ್ತಹೀನತೆ ಬಗ್ಗೆ ನಮ್ಮ ಸಭೆಗಳಲ್ಲಿ ಬಹಳ ಸಲ ಮಾತಾಡಿದ್ದೇವೆ. ಮನಸ್ಸಿನ ಕಾಯಿಲೆ ಅಂದ ಕೂಡಲೇ ಮಾತ್ರ ಸಭೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇವತ್ತು ನಾವು ಹೇಳಹೊರಟಿರುವುದು ಬೈಪೋಲಾರ್ ಎಂಬ ಕಾಯಿಲೆ ವಿಷಯ. ಕನ್ನಡದಲ್ಲಿ ದ್ವಿಧ್ರುವ ಕಾಯಿಲೆ ಅಂತಲೂ ಬರೆಯುತ್ತಾರೆ. ಹೆಸರು ಕಷ್ಟ. ಆದರೆ ಕಾಯಿಲೆಯನ್ನು ನಿಮ್ಮಲ್ಲಿ ಕೆಲವರು ಕಣ್ಣಾರೆ ನೋಡಿರುತ್ತೀರಿ.

ಈ ಕಾಯಿಲೆ ಇದ್ದವರ ಮನಸ್ಸು ಕೆಲವು ಕಾಲ ತೀರಾ ಕುಸಿಯುತ್ತದೆ, ಕೆಲವು ಕಾಲ ತೀರಾ ಏರುತ್ತದೆ, ನಡುವೆ ತಿಂಗಳುಗಟ್ಟಲೆ ಎಲ್ಲರ ಹಾಗೇ ಇರುತ್ತಾರೆ. ಕುಸಿದಾಗ ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಆಸೆ ಇರಲ್ಲ, ಊಟ ಸೇರಲ್ಲ, ಸಾಯಬೇಕು ಅನಿಸುತ್ತದೆ. ಇದು ಮನೆಯವರಿಗೆ ಗೊತ್ತಾಗುತ್ತದೆ. ಗೊತ್ತಾಗದೆ ಹೋಗುವುದು ಏರಿದ ಕಾಲ. ಒಂದು ವಾರ, ಅದಕ್ಕೂ ಹೆಚ್ಚು ದಿನ ಎರಡು-ಮೂರು ಗಂಟೆ ಮಲಗಿದರೂ ಆಯಾಸ ಇಲ್ಲ. ಮಾತು ನಿಲ್ಲಲ್ಲ. ಎಲ್ಲಾ ಕೆಲಸ ನನ್ನ ಕೈಲಿ ಆಗುತ್ತೆ ಎಂಬ ಭಾರೀ ಧೈರ್ಯ. ಕೈಗೆ ಸಿಕ್ಕಷ್ಟು ಖರ್ಚು, ತಡೆದರೆ ವಿಪರೀತ ಸಿಟ್ಟು. ಕೆಲವರಿಗೆ ಯಾರೋ ಮಾತಾಡಿದ ಹಾಗೆ ಕೇಳಿಸುವುದೂ ಉಂಟು. ಆಗ ಊರವರು ಮೈಮೇಲೆ ಬಂತು ಅನ್ನುತ್ತಾರೆ.

ನಮ್ಮ ಒಂದು ಸಂಘದ ಸದಸ್ಯೆಯೊಬ್ಬರ ವಿಷಯವನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಎರಡನೇ ಹೆರಿಗೆ ಆದ ಮೇಲೆ ಮೂರು ತಿಂಗಳು ಮೂಲೆ ಹಿಡಿದು ಮಲಗಿದ್ದರು. ಮನೆಯವರು ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಖಿನ್ನತೆ ಅಂತ ಮಾತ್ರೆ ಬರೆದರು. ಮದುವೆಗೆ ಮುಂಚೆ ತವರಿನಲ್ಲಿ ಒಂದು ಸಲ ರಾತ್ರಿಯೆಲ್ಲ ನಿದ್ದೆ ಇಲ್ಲದೆ ಹಾಡಿಕೊಂಡು, ಊರೂರು ತಿರುಗಿದ್ದನ್ನು ಯಾರೂ ಡಾಕ್ಟರಿಗೆ ಹೇಳಲಿಲ್ಲ, ಅವರೂ ಕೇಳಲಿಲ್ಲ. ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಈ ಕಾಯಿಲೆಯವರಲ್ಲಿ ಕೆಲವರ ಮನಸ್ಸು ಒಮ್ಮೆಲೇ ಮೇಲಕ್ಕೆ ಏರಿಬಿಡುತ್ತದೆ. ಇವರಿಗೂ ಹಾಗೇ ಆಯಿತು. ಆರು ವಾರದೊಳಗೆ ಸಂಘದಿಂದ ಸಾಲ, ಫೈನಾನ್ಸಿನವರಿಂದ ಇನ್ನೊಂದು, ಹೊಲಿಗೆ ಮಿಷನ್ ಮೂರು! ಬಟ್ಟೆ ಅಂಗಡಿ ಇಡುತ್ತೇನೆ ಅಂತ ಬಾಡಿಗೆ ಮಳಿಗೆಗೆ ಅಡ್ವಾನ್ಸ್ ಬೇರೆ. ಜನ ಮೆಚ್ಚಿಕೊಂಡರು, ಎಷ್ಟು ಚುರುಕಾದಳು ಅಂತ. ಕಂತು ನಿಂತಾಗ ಅದೇ ಜನ ಮೋಸಗಾತಿ ಅಂದರು. ದರ್ಗಾ, ದೇವಸ್ಥಾನ, ಧ್ಯಾನಕೇಂದ್ರ ಎಲ್ಲಾ ಸುತ್ತಿ ಬಂದ ಮೇಲೆ, ಕೊನೆಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಗಂಡನನ್ನೂ ತಾಯಿಯನ್ನೂ ಎದುರಿಗೆ ಕೂರಿಸಿಕೊಂಡು ಒಂದು ಗಂಟೆ ಕೇಳಿ ಕಾಯಿಲೆ ಇಂಥದ್ದು ಅಂದರು. ಮೊದಲ ಸಲ ಕಾಣಿಸಿಕೊಂಡು ಅಷ್ಟೊತ್ತಿಗೆ ಒಂಬತ್ತು ವರ್ಷ ಆಗಿತ್ತು.

ಪ್ರಾರ್ಥನೆ, ಹರಕೆ ಬಿಡಿ ಅಂತ ನಾವು ಹೇಳುತ್ತಿಲ್ಲ. ಅದು ಮುಗಿಯಲಿ ಅಂತ ಆಸ್ಪತ್ರೆಯನ್ನು ಮುಂದಕ್ಕೆ ಹಾಕಬೇಡಿ. ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು 200 ಜನರಲ್ಲಿ ಒಬ್ಬರಿಗೆ ಜೀವನದಲ್ಲಿ ಯಾವಾಗಾದರೂ ಈ ಕಾಯಿಲೆ ಬಂದಿರುವುದು ಕಂಡುಬಂತು. ಅವರಲ್ಲಿ ನೂರಕ್ಕೆ ಸುಮಾರು 70 ಮಂದಿ ಚಿಕಿತ್ಸೆಯನ್ನೇ ಪಡೆಯುತ್ತಿರಲಿಲ್ಲ.

ಸ್ಕ್ಯಾನಿಂಗ್ ಮಾಡಿ ಬೈಪೋಲಾರ್ ಅಂತ ಹೇಳಲು ಬರುವುದಿಲ್ಲ. ಥೈರಾಯ್ಡ್ ಮುಂತಾದ ಬೇರೆ ಕಾರಣ ಇದೆಯಾ ಅಂತ ನೋಡಲು ರಕ್ತ ಪರೀಕ್ಷೆ ಮಾಡುತ್ತಾರೆ, ಅಷ್ಟೆ. ಉಳಿದದ್ದೆಲ್ಲ ಹಿಂದಿನ ಕಥೆ ಕೇಳಿಯೇ ಗೊತ್ತಾಗಬೇಕು. ಆದ್ದರಿಂದ ಜೊತೆಗೆ ಹೋಗುವವರು ಅತ್ತದ್ದನ್ನು ಮಾತ್ರ ಹೇಳದೆ, ನಿದ್ದೆ ಬಿಟ್ಟು ಕುಣಿದದ್ದನ್ನೂ, ಸಾಲ ಮಾಡಿದ್ದನ್ನೂ ಹೇಳಿ. ವಂಶದಲ್ಲಿ ಯಾರಿಗಾದರೂ ಇತ್ತಾ ಅಂತ ಕೇಳುತ್ತಾರೆ. ಮರ್ಯಾದೆ ಅಂತ ಮುಚ್ಚಿಡಬೇಡಿ. ಬಾಣಂತನದಲ್ಲಿ ಈ ಕಾಯಿಲೆ ಮರುಕಳಿಸುವ ಅಪಾಯ ಬಹಳ ಹೆಚ್ಚು. ಬಾಣಂತಿ ನಿದ್ದೆ ಬಿಟ್ಟು ವಿಚಿತ್ರವಾಗಿ ಆಡಿದರೆ ಅದು ಸೋಂಕು ಅಥವಾ ಗಾಳಿ ಅಂತ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಇನ್ನು ಔಷಧಿ. ಇದರಲ್ಲಿ ಹಳೆಯದು ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಇದರ ಉಪಯೋಗವನ್ನು ಬರೆದು ತಿಳಿಸಿದರು. ಬೆಲೆಯೂ ಕಡಿಮೆ. ಆದರೆ ದೇಹದಲ್ಲಿ ಇದರ ಪ್ರಮಾಣ ಸ್ವಲ್ಪ ಹೆಚ್ಚಾದರೂ ವಿಷ. ಅದಕ್ಕೇ ಡಾಕ್ಟರು ಹೇಳಿದ ದಿನ, ಸಾಮಾನ್ಯವಾಗಿ ರಾತ್ರಿ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ, ರಕ್ತ ಕೊಡಬೇಕು. ಕಿಡ್ನಿ, ಥೈರಾಯ್ಡ್ ಪರೀಕ್ಷೆಯೂ ಆಗಾಗ ಬೇಕು. ಇದನ್ನು ನಾವು ಒತ್ತಿ ಹೇಳಲು ಕಾರಣ ಇದೆ. ಬಿಸಿಲಲ್ಲಿ ಗದ್ದೆ ಕೆಲಸ ಮಾಡಿ ನೀರು ಕುಡಿಯದೆ ಇದ್ದರೆ, ವಾಂತಿಭೇದಿ ಆದರೆ, ಉಪವಾಸದಲ್ಲಿ ನೀರೂ ಬಿಟ್ಟರೆ, ಒಮ್ಮೆಲೇ ಉಪ್ಪು ಬಿಟ್ಟರೆ ಲಿಥಿಯಂ ಮೈಯಲ್ಲಿ ಏರುತ್ತದೆ. ಸೊಂಟನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಯಿಂದಲೂ ಏರುತ್ತದೆ. ಕೈ ಜೋರಾಗಿ ನಡುಗಿದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ.

ವಾಲ್‌ಪ್ರೊಯೇಟ್ ಎಂಬ ಇನ್ನೊಂದು ಮಾತ್ರೆ ಇದೆ. ಗರ್ಭಿಣಿಯಾದರೆ ಅದು ಮಗುವಿಗೆ ಅಂಗದೋಷ, ಬುದ್ಧಿ ಬೆಳವಣಿಗೆಯ ತೊಂದರೆ ತರಬಹುದು. ಮಕ್ಕಳಾಗುವ ವಯಸ್ಸಿನವರು "ನನಗೆ ಯಾವುದು ಕೊಡ್ತಿದ್ದೀರಿ?" ಅಂತ ಬಾಯಿಬಿಟ್ಟು ಕೇಳಲೇಬೇಕು. ಹಾಗಂತ ಮುಟ್ಟು ನಿಂತ ಕೂಡಲೇ ತಾನಾಗಿ ಎಲ್ಲಾ ಮಾತ್ರೆ ಬಿಡುವುದೂ ಅಪಾಯ. ಅವತ್ತೇ ಡಾಕ್ಟರನ್ನು ಕಾಣಿ. ಎಷ್ಟೋ ಜನ ವಾಸಿಯಾಯಿತು ಅಂತ ಆರನೇ ತಿಂಗಳಿಗೇ ನಿಲ್ಲಿಸಿಬಿಡುತ್ತಾರೆ. ಬಿ.ಪಿ. ಮಾತ್ರೆಯ ಹಾಗೆ ಇದೂ ವರ್ಷಗಟ್ಟಲೆ ಬೇಕಾಗಬಹುದು.

ಮತ್ತೆ ಆ ಸಹೋದರಿಯ ಸಾಲದ ವಿಷಯ. ಸಂಘದವರು ಹೆಸರು ತೆಗೆದುಹಾಕಲು ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೂ ಹೋಗಿದ್ದರು. ಅವರ ಸಿಟ್ಟೂ ನ್ಯಾಯವೇ. ಹತ್ತೊಂಬತ್ತು ಜನರ ಉಳಿತಾಯದ ದುಡ್ಡು ಅದು. ಡಾಕ್ಟರ ಚೀಟಿ ನೋಡಿದ ಮೇಲೆ ಎರಡು ಸಭೆ ಜಗಳ ನಡೆದು, ಕೊನೆಗೆ ಸಾಲ ಮನ್ನಾ ಮಾಡಲಿಲ್ಲ, ಕಂತು ಅರ್ಧ ಮಾಡಿ ಅವಧಿ ಹೆಚ್ಚಿಸಿದರು. ಎರಡು ಮಿಷನ್ ಮಾರಿಸಿದರು. ಮುಂದೆ 5,000 ರೂಪಾಯಿ ಮೇಲಿನ ಸಾಲ ಕೇಳಿದರೆ ಒಂದು ತಿಂಗಳು ಕಾಯಿಸಬೇಕು, ಅಕ್ಕನಿಗೆ ತಿಳಿಸಬೇಕು ಅಂತ ಆಕೆಯೇ ಬರೆದುಕೊಟ್ಟರು. ನಮ್ಮ ಅಭಿಪ್ರಾಯದಲ್ಲಿ ಇದು ಒಳ್ಳೆಯ ತೀರ್ಮಾನ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಇಂಥದ್ದೇ ಅವಕಾಶ ಇದೆ: ಕಾಯಿಲೆ ಹೆಚ್ಚಾದಾಗ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಮೊದಲೇ ಬರೆದಿಡಬಹುದು.

ಎಲ್ಲಿಗೆ ಹೋಗುವುದು ಅಂತ ಕೇಳಿದಿರಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಬಹುದು. 2014ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಮಾಡಿದರು. ನಿಮ್ಮ ಕಡೆ ಯಾವ ವಾರ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ. ಟೆಲಿ-ಮಾನಸ್ ಅಂತ 2022ರಲ್ಲಿ ಶುರುವಾದ ಉಚಿತ ನಂಬರ್ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಹೋಗುವಾಗ ಹಳೇ ಚೀಟಿ, ಮಾತ್ರೆಯ ಖಾಲಿ ಹಾಳೆ ಎಲ್ಲಾ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತೆಗೆದುಕೊಂಡು ಹೋಗಿ. ಆ ಕವರನ್ನು ಪಾಸ್‌ಬುಕ್ ಇಡುವ ಜಾಗದಲ್ಲೇ ಇಟ್ಟಿರಿ.