ತರುಣರ ಮನೋವ್ಯಾಧಿಯೂ ಯೋಗಸಾಧನೆಯೂ

ಎಷ್ಟೋ ಮನೆಗಳಲ್ಲಿ ಮರೆಯಾಗಿರುವ ವ್ಯಥೆಯೊಂದನ್ನು ಕುರಿತು ಎರಡು ಮಾತುಗಳನ್ನು ಅರಿಕೆಮಾಡುವೆನು.

ಕೈಮುರಿದ ಮಗನನ್ನು ಹಾಡುಹಗಲಿನಲ್ಲಿ ವೈದ್ಯರಲ್ಲಿಗೆ ಒಯ್ಯುವ ತಂದೆಯು, ಮನಸ್ಸು ಕೆಟ್ಟ ಮಗನನ್ನು ಒಳಕೋಣೆಯಲ್ಲಿ ಬಚ್ಚಿಡುವನು. ಮಗಳಾದರಂತೂ ಮದುವೆಯ ಚಿಂತೆಯಿಂದ ಈ ಮುಚ್ಚುಮರೆಯು ಇಮ್ಮಡಿಯಾಗುವುದು. ಓದಿನಲ್ಲಿ ಮುಂದಾಗಿದ್ದ ತರುಣನು ನಿದ್ರೆಗೆಟ್ಟು, ಅನ್ನವನ್ನೊಲ್ಲದೆ, ಯಾರೋ ತನ್ನನ್ನು ನಿಂದಿಸುವ ದನಿ ಕೇಳುತ್ತಿದೆಯೆನ್ನತೊಡಗಿದರೆ, ಕೆಲವರು ಗ್ರಹಚಾರವೆನ್ನುವರು, ಕೆಲವರು ಸೋಮಾರಿತನವೆನ್ನುವರು. ವಾಸ್ತವವಾಗಿ ಅದೊಂದು ವ್ಯಾಧಿ, ಚಿಕಿತ್ಸೆಗೆ ಒಳಪಡುವಂಥದು.

ಪತಂಜಲಿ ಮಹರ್ಷಿಗಳು ಯೋಗಸೂತ್ರದ ಮೊದಲನೆಯ ಪಾದದಲ್ಲಿ ಚಿತ್ತವನ್ನು ಚದರಿಸುವ ಒಂಬತ್ತು ಅಂತರಾಯಗಳನ್ನೆಣಿಸುವಾಗ ವ್ಯಾಧಿಯನ್ನೇ ಮೊದಲಿಗಿರಿಸಿರುವರು. ಅವುಗಳೊಡನೆ ಬರುವವೆಂದು ದುಃಖ, ದೌರ್ಮನಸ್ಯ, ಅಂಗಗಳ ನಡುಕ, ಉಸಿರಿನ ಏರುಪೇರುಗಳನ್ನು ಹೇಳಿರುವರು. ಮನದ ಕಳವಳವು ಮೈಯಲ್ಲಿಯೂ ಉಸಿರಿನಲ್ಲಿಯೂ ತೋರುವುದಾದುದರಿಂದ, ಅವೆರಡನ್ನೂ ಹದಗೊಳಿಸುತ್ತ ಮನಸ್ಸನ್ನು ಶಾಂತಗೊಳಿಸುವುದೇ ಯೋಗದ ಹಾದಿಯಷ್ಟೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಇದನ್ನು ಪರೀಕ್ಷಿಸಿ ನೋಡಿರುವರು. 2007ರಲ್ಲಿ ಪ್ರಕಟವಾದ ಅವರ ಶೋಧನೆಯೊಂದರಲ್ಲಿ, ಸ್ಕಿಜೋಫ್ರೇನಿಯಾ ಎಂಬ ಚಿತ್ತವಿಕಲತೆಯಿಂದ ಬಳಲುತ್ತಿದ್ದ 61 ಮಂದಿಯಲ್ಲಿ ಒಂದು ಪಂಗಡಕ್ಕೆ ಯೋಗವನ್ನೂ ಮತ್ತೊಂದಕ್ಕೆ ಅಂಗಸಾಧನೆಯನ್ನೂ ಕಲಿಸಲಾಯಿತು. 4 ತಿಂಗಳಾದ ಮೇಲೆ ನೋಡಲು, ಯೋಗದವರಲ್ಲಿ ರೋಗಲಕ್ಷಣಗಳು ಹೆಚ್ಚಾಗಿ ತಗ್ಗಿದ್ದುವು. ಜನರೊಡನೆ ಬೆರೆತು ಕೆಲಸಮಾಡುವ ಶಕ್ತಿಯೂ ಮಿಗಿಲಾಗಿತ್ತು. ಆದರೆ ಎರಡು ಪಂಗಡದವರಿಗೂ ಔಷಧವು ನಡೆದೇ ಇದ್ದಿತೆಂಬುದನ್ನು ತಾವು ಗಮನಿಸಬೇಕು.

ಇದೇ ನನ್ನ ಅರಿಕೆಯ ತಿರುಳು. ತುಸು ಗುಣವಾದೊಡನೆ, "ಇನ್ನು ಗುಳಿಗೆಯೇಕೆ, ಪ್ರಾಣಾಯಾಮವೇ ಸಾಲದೆ?" ಎಂದು ಮನೆಯವರೇ ಔಷಧವನ್ನು ನಿಲ್ಲಿಸುವುದುಂಟು. ಆಗ ರೋಗವು ಮರುಕಳಿಸಿ, ತರುಣನು ಪ್ರಾಣಕ್ಕೇ ಎರವಾಗಬಹುದು. ಬುದ್ಧಿಭ್ರಮೆಯ ಭರದಲ್ಲಿರುವವನನ್ನು ಏಕಾಂತಧ್ಯಾನಕ್ಕಾಗಲಿ, ಉಪವಾಸ ಜಾಗರಣೆಗಳಿಗಾಗಲಿ ಹಚ್ಚಬಾರದು. ವೈದ್ಯರ ಸಮ್ಮತಿ ಪಡೆದು, ಬಲ್ಲವರ ಕಣ್ಣಮುಂದೆ, ಸುಲಭವಾದ ಆಸನಗಳಿಂದಲೂ ಮೆಲ್ಲನೆಯ ಉಸಿರಾಟದಿಂದಲೂ ತೊಡಗಿ, ನಿತ್ಯವೂ ಗೊತ್ತಾದ ಹೊತ್ತಿನಲ್ಲಿ ಸಾಧಿಸಬೇಕು. ತಾಯ್ತಂದೆಗಳೂ ಪಕ್ಕದಲ್ಲಿ ಚಾಪೆ ಹಾಸಿ ಕೂಡಿಕೊಂಡರೆ, ತಾನೊಬ್ಬನೇ ರೋಗಿಯೆಂಬ ಅಳುಕು ಅವನಲ್ಲಿ ಕಡಮೆಯಾಗುವುದು.

ಯಾರನ್ನು ಕೇಳಬೇಕೆಂದು ತೋಚದವರಿಗಾಗಿ ಸರಕಾರವು 2022ರಲ್ಲಿ ಟೆಲಿ ಮಾನಸ್ ಸೇವೆಯನ್ನು ತೊಡಗಿಸಿರುವುದು. 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ದೂರವಾಣಿ ಮಾಡಿ, ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು.

ನಮ್ಮ ಮಕ್ಕಳ ಈ ನೋವನ್ನು ಮುಚ್ಚಿಡದೆ, ಔಷಧ, ಯೋಗ, ಮನೆಯವರ ಮಮತೆ ಈ ಮೂರನ್ನೂ ಒಟ್ಟಿಗೆ ಒದಗಿಸಿಕೊಡಬೇಕೆಂದು ಪ್ರಾರ್ಥಿಸುವೆನು.