ಬೇಸಗೆಯಲ್ಲಿ ಕುಂಡದ ಮೆಣಸಿನ ಗಿಡ



ಮೆಣಸಿನಕಾಯಿಯಿಲ್ಲದ ಅಡಿಗೆಯು ನಮ್ಮಲ್ಲಿ ವಿರಳ. ಆದರೂ ಈ ಗಿಡವು ಅಮೆರಿಕಾ ಖಂಡದ್ದು. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ನಮ್ಮ ದೇಶಕ್ಕೆ ಬಂದುದು. ಹಿತ್ತಿಲಿಲ್ಲದ ಪಟ್ಟಣವಾಸಿಯೂ ಇದನ್ನು ಕುಂಡಗಳಲ್ಲಿ ಬೆಳೆದುಕೊಳ್ಳಬಹುದು. ಹೊಸಬರ ಪ್ರಯತ್ನವು ಸಾಮಾನ್ಯವಾಗಿ ಕೆಡುವುದು ಬೇಸಗೆಯಲ್ಲಿ. ಅದೂ ಆರೈಕೆಯ ಕೊರತೆಗಿಂತ ಹೆಚ್ಚಾಗಿ ಅತಿಯಾದ ಆರೈಕೆಯಿಂದ.

ಕುಂಡ ಮತ್ತು ಮಣ್ಣು: ಕುಂಡವು ಸುಮಾರು 12 ಅಂಗುಲ ಅಗಲ, ಅಷ್ಟೇ ಆಳವಿರಬೇಕು. ತಗಡಿನ ಡಬ್ಬಿಯು ಬಿಸಿಲಿಗೆ ಕಾದು ಬೇರನ್ನು ಬೇಯಿಸುವುದು. ಮಣ್ಣಿನ ಕುಂಡವಾದರೋ ತೇವವನ್ನು ಹೊರಸೂಸಿ ತಂಪಾಗಿರುವುದು. ತಳದ ರಂಧ್ರದ ಮೇಲೆ ಹೆಂಚಿನ ಚೂರನ್ನಿಟ್ಟು, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರಸಿ ತುಂಬಬೇಕು.

ಸಸಿ: ಮಾಘ ಮಾಸದಲ್ಲಿ ಬೀಜವನ್ನು ಅರ್ಧ ಅಂಗುಲದೊಳಗಿನ ಆಳದಲ್ಲಿ ಬಿತ್ತಿದರೆ ಎಂಟು ಹತ್ತು ದಿನಗಳಲ್ಲಿ ಮೊಳೆಯುವುದು. ಸುಮಾರು 40 ದಿನಗಳ ಸಸಿಯನ್ನು ಸಂಜೆಯ ಹೊತ್ತು, ಕುಂಡಕ್ಕೆ ಒಂದರಂತೆ ನೆಡಬೇಕು. ಬಣ್ಣ ಬೇಕಾದವರು ಬ್ಯಾಡಗಿಯ ತಳಿಯನ್ನು ಆರಿಸಬಹುದು. ಅದರಲ್ಲಿ ಖಾರ ಕಡಿಮೆ.

ನೀರು: ಮಧ್ಯಾಹ್ನ ಎಲೆಗಳು ಬಾಡಿ ಜೋತುಬಿದ್ದುದನ್ನು ಕಂಡೊಡನೆ ಕೊಡ ಹಿಡಿದು ಓಡಬಾರದು. ಸಂಜೆಗೆ ಗಿಡವು ತಾನಾಗಿಯೇ ಚೇತರಿಸಿಕೊಂಡರೆ ಬೇರಿನಲ್ಲಿ ತೇವವಿದೆಯೆಂದೇ ತಿಳಿಯಬೇಕು. ಬೆಳಗ್ಗೆ ಬೆರಳನ್ನು ಒಂದು ಅಂಗುಲ ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ತಳದಿಂದ ನೀರು ಹೊರಬರುವವರೆಗೆ ಹಾಕಬೇಕು. ಸದಾ ಕೆಸರಾಗಿರುವ ಮಣ್ಣಿನಲ್ಲಿ ಗಾಳಿಯಾಡದೆ ಬೇರು ಕೊಳೆಯುವುದು. ಆಗಲೂ ಎಲೆಯು ಬಾಡುವುದರಿಂದ ಹೊಸಬರು ಮತ್ತಷ್ಟು ನೀರೆರೆದು ಗಿಡವನ್ನು ಕೊಲ್ಲುತ್ತಾರೆ. ಬುಡಕ್ಕೆ ಎರಡು ಅಂಗುಲ ಒಣಹುಲ್ಲು ಹೊದಿಸಿ, ಮಧ್ಯಾಹ್ನದ ಮೇಲೆ ನೆರಳು ಬೀಳುವ ಕಡೆ ಕುಂಡವನ್ನಿಡುವುದು ಲೇಸು.

ಹೂ ಉದುರುವುದು: ಹಗಲಿನ ಉಷ್ಣವು ಸುಮಾರು 35 ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ, ಇಲ್ಲವೆ ರಾತ್ರಿಯೂ ಸೆಕೆ ಇಳಿಯದಿದ್ದರೆ, ಪರಾಗವು ಕೆಟ್ಟು ಹೂಗಳು ಕಾಯಿ ಕಚ್ಚದೆ ಉದುರುವುವು. ಬಳ್ಳಾರಿ, ರಾಯಚೂರುಗಳಲ್ಲಿ ಬೇಸಗೆಯ ಉಷ್ಣವು 40 ಡಿಗ್ರಿಯನ್ನೂ ದಾಟುವುದುಂಟು. ಇದಕ್ಕೆ ಗೊಬ್ಬರವು ಮದ್ದಲ್ಲ. ಸಾರಜನಕ ಹೆಚ್ಚಿದರೆ ಎಲೆ ಸೊಂಪಾಗುವುದೇ ಹೊರತು ಕಾಯಿ ಹೆಚ್ಚದು. ಗಿಡವು ಬಂಜೆಯೆಂದು ಬಗೆದು ಕಿತ್ತೆಸೆಯುವವರನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಮಳೆ ಬಿದ್ದು ಹವೆ ತಂಪಾದೊಡನೆ ಅದೇ ಗಿಡವು ಮತ್ತೆ ಹೂಬಿಟ್ಟು ಫಲ ಕೊಡಬಲ್ಲದು.

ಮುಟುರು ರೋಗ: ಎಲೆಯು ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ಎಂಬ ಕೀಟವನ್ನೂ, ಕೆಳಕ್ಕೆ ಮುದುಡಿದರೆ ಮೈಟ್ ನುಸಿಯನ್ನೂ ಶಂಕಿಸಬೇಕು. 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರು ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು, ಸೋಸಿ, ಮರುದಿನ ಸಂಜೆ ಎಲೆಯ ಅಡಿಭಾಗಕ್ಕೂ ತಗಲುವಂತೆ ಸಿಂಪಡಿಸಬೇಕು.

ಒಟ್ಟಿನಲ್ಲಿ, ಬೇಸಗೆಯಲ್ಲಿ ಬೇರನ್ನು ಕಾಪಾಡಿಕೊಂಡವನಿಗೆ ಮಳೆಗಾಲದಲ್ಲಿ ಕಾಯಿ ದೊರೆಯುವುದು. ಎರಡು ಕುಂಡಗಳಿಂದ ಪ್ರಾರಂಭಿಸಿ ನೋಡಬೇಕೆಂದು ತಮ್ಮೆಲ್ಲರನ್ನೂ ಕೋರಿ ನನ್ನ ಮಾತನ್ನು ಮುಗಿಸುತ್ತೇನೆ.